ಕಾರವಾರದಿಂದ ಕುಮಟಾವರೆಗೆ ಹಕ್ಕಿ ಇಳಿಯೋ ಜಾಗ: ಇದನ್ನು ಮಾಡಿದ್ದು ಯಾರು?

ಈ ಸಲದ ಬರಹ ಸ್ವಲ್ಪ ಉದ್ದ ಆಗಿದೆ. ಸಂಜೆ ಕೆಲಸ ಮುಗಿಸಿ ಚಾ ಕುಡೀತಾ ನಿಧಾನ ಓದಿ.

ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ ಸಿಕ್ಕಿದ್ದು 2024ರ ಜನವರಿ ಕೊನೆಗೆ. 4801 ಹೆಕ್ಟೇರ್ ಜಾಗ. ಆವತ್ತಿಂದ ನಮ್ಮ ಬದಿಯಲ್ಲಿ ಒಂದೇ ಪ್ರಶ್ನೆ. ಚಾ ಅಂಗಡಿಯಲ್ಲಿ, ಸೊಸೈಟಿ ಎದುರು, ಮದುವೆ ಮನೆ ಪಂಕ್ತಿಯಲ್ಲಿ ಎಲ್ಲ ಕಡೆ ಕೇಳ್ತಾರೆ: "ಹಕ್ಕಿ ಹೆಸರಲ್ಲಿ ನಮ್ಮ ಗಜನಿ ಹೋಗ್ತದಾ?" ಕ್ಯಾಮರಾ ಹಿಡಿದು ಕಟ್ಟೆ ಮೇಲೆ ಓಡಾಡುವ ಹುಡುಗರನ್ನು ಕಂಡ್ರೆ ಕೆಲವರಿಗೆ ಸಿಟ್ಟೇ ಬರ್ತದೆ. ಸರ್ವೆಗೆ ಬಂದವರು ಅಂತ ತಿಳ್ಕೊಂಡು ಜಗಳಕ್ಕೆ ಹೋದವರೂ ಇದ್ದಾರೆ.

ನನಗನ್ನಿಸೋದು ಹೇಳ್ತೇನೆ. ಕಾರವಾರದ ಸುತ್ತಮುತ್ತ ಹಕ್ಕಿ ನೋಡಲಿಕ್ಕೆ ಜನ ಎಲ್ಲೆಲ್ಲಿ ಹೋಗ್ತಾರೋ ಆ ಜಾಗಗಳಲ್ಲಿ ಅರ್ಧಕ್ಕರ್ಧ ಕೆಲಸ ಮಾಡಿಕೊಂಡು ಬಂದ ಜಾಗಗಳು. ಉಪ್ಪಿನ ಆಗರ, ಗಜನಿ ಗದ್ದೆ, ಒಡ್ಡು, ಕೋಡಿ. ದೇವರು ಕೊಟ್ಟ ಹೊಳೆ ಮತ್ತು ಕೆಸರು ಒಂದು ಪಾಲು, ನಮ್ಮ ಹಿರಿಯರು ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು ಇನ್ನೊಂದು ಪಾಲು. ಇದರ ಚರಿತ್ರೆ ಗೊತ್ತಿದ್ರೆ ಯಾರಿಗೆ ಹೆದರಬೇಕು, ಯಾತಕ್ಕೆ ಹೆದರಬೇಕು ಅನ್ನೋದು ಸ್ವಲ್ಪ ಸ್ಪಷ್ಟ ಆಗ್ತದೆ. ಅದಕ್ಕಾಗಿ ಬರೀತಾ ಇದ್ದೇನೆ.

ಮೊದಲು ಕಾರವಾರದ ಕತೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರೋದು ನಿಂತಿತ್ತು. ಧಾರವಾಡ ಬದಿಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲಿಕ್ಕೆ ಅವರಿಗೆ ಒಂದು ಬಂದರು ಬೇಕಿತ್ತು. ಹಂಗೆ ಕಾರವಾರ ಬೆಳೀತು, ಜಿಲ್ಲೆಯ ಮುಖ್ಯ ಊರಾಯ್ತು. ಊರಾದ ಮೇಲೆ ಅಧಿಕಾರಿಗಳು ಬಂದರು. ಅವರಲ್ಲಿ ಮೂವರ ಹೆಸರು ನಮಗೆ ಬೇಕು.

ಒಬ್ಬ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್. ಇನ್ನೊಬ್ಬ ಅರಣ್ಯ ಇಲಾಖೆಯ ಟಿ. ಆರ್. ಬೆಲ್. ಮೂರನೆಯವ ಸುಂಕ ಮತ್ತು ಉಪ್ಪಿನ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್. 1883ರಲ್ಲಿ ಮುಂಬಯಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಶುರು ಮಾಡಿದವರಲ್ಲಿ ಈ ಐಟ್ಕನ್ ಒಬ್ಬ, ಅದರ ಮೊದಲ ಕಾರ್ಯದರ್ಶಿಯೂ ಅವನೇ. ಅದೇ 1883ರಲ್ಲಿ ಇಪ್ಪತ್ತೆರಡರ ಹುಡುಗ ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದು ಜಡ್ಜ್ ಆಗಿದ್ದ ಅಣ್ಣನ ಮನೆಯಲ್ಲಿ ಇದ್ದರು. ಟಾಗೋರರ ಹೆಸರು ಬೀಚಿಗೆ ಇಟ್ಟಿದ್ದಾರೆ, ಎಲ್ಲರಿಗೂ ಗೊತ್ತು. ಈ ಮೂವರ ಹೆಸರು ಕಾರವಾರದಲ್ಲಿ ಕೇಳಿದ್ರೆ ಹೇಳುವವರು ಕಡಿಮೆ.

ಈ ಮೂವರೂ ಸೇರಿ 1890ರ ದಶಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ದೊಡ್ಡ ಲೇಖನಮಾಲೆ ಬರೆದರು. ಡೇವಿಡ್‌ಸನ್ 1898ರ ಹೊತ್ತಿಗೆ ಉತ್ತರ ಕನ್ನಡದ ಹಕ್ಕಿಗಳ ಪಟ್ಟಿಯನ್ನು ಆ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ನಮ್ಮ ಜಿಲ್ಲೆಯ ಹಕ್ಕಿಗಳನ್ನು ಸಾಲಾಗಿ ಬರೆದಿಟ್ಟ ಹಳೇ ದಾಖಲೆ ಅದು. ಬೆಲ್ ಅಂತೂ ನಿವೃತ್ತಿ ಆದ ಮೇಲೂ ಊರಿಗೆ ವಾಪಸ್ ಹೋಗಲಿಲ್ಲ. ಕಾರವಾರದಲ್ಲೇ ಉಳಿದು, ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ ತೀರಿಕೊಂಡ.

ಆ ಕಾಲದಲ್ಲಿ ಹಕ್ಕಿ ನೋಡೋದು ಅಂದ್ರೆ ಈಗಿನ ಹಂಗಲ್ಲ. ಕೈಯಲ್ಲಿ ಕೋವಿ. ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಇಡೋದು. ಗೂಡಿಂದ ಮೊಟ್ಟೆ ತೆಗೆದು, ತೂತು ಮಾಡಿ ಒಳಗಿನದ್ದು ಊದಿ, ಚಿಪ್ಪು ಪೆಟ್ಟಿಗೆಗೆ ಹಾಕೋದು. ಡೇವಿಡ್‌ಸನ್‌ಗೆ ಮೊಟ್ಟೆ ಹುಚ್ಚು ಬಹಳ. ಈಗ ಮೊಬೈಲಲ್ಲಿ ಈಬರ್ಡ್ ಅಂತ ಇದೆ, ಕಂಡ ಹಕ್ಕಿ ಬರೆದು ಒತ್ತಿದ್ರೆ ಆಯ್ತು. ನಡುವೆ ಕನ್ನಡದವರಿಗೆ ಹಕ್ಕಿ ಹತ್ತಿರ ತಂದಿದ್ದು ತೇಜಸ್ವಿಯವರ ಪುಸ್ತಕಗಳು. ನಮ್ಮ ಬದಿ ಶಾಲೆ ಮಾಸ್ತರರ ಮನೆಯಲ್ಲಿ 'ಮಿಂಚುಳ್ಳಿ' ಇದ್ದೇ ಇರ್ತಿತ್ತು.

ಈಗ ಉಪ್ಪಿನ ವಿಷಯಕ್ಕೆ ಬರೋಣ. ಐಟ್ಕನ್ ಉಪ್ಪಿನ ಇಲಾಖೆಯವ ಅಂದೆನಲ್ಲ. ಬ್ರಿಟಿಷರಿಗೆ ಉಪ್ಪು ಅಂದ್ರೆ ತೆರಿಗೆ. ಆಗರಕ್ಕೆ ಕಾವಲು, ತೂಕ, ಪರವಾನಗಿ. ನಮ್ಮ ಗೋಕರ್ಣದ ಬುಡದ ಸಾಣಿಕಟ್ಟಾ ಹಳೇ ಉಪ್ಪಿನ ಜಾಗ. ಉಪ್ಪಿನ ಕಾನೂನಿನ ಸಿಟ್ಟು ನಮ್ಮಲ್ಲಿ ಎಷ್ಟಿತ್ತು ಅನ್ನೋದು 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಗೊತ್ತಾಯ್ತು. ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಕಡಲ ನೀರು ತಂದು ಉಪ್ಪು ಮಾಡಿದರು. ಸ್ವಾತಂತ್ರ್ಯದ ಮೇಲೆ ಸಾಣಿಕಟ್ಟಾದ ಆಗರದ ಮಾಲಕರು ಸಹಕಾರಿ ಸಂಘ ಮಾಡಿಕೊಂಡರು, ಇವತ್ತೂ ಉಪ್ಪು ಆಗ್ತಾ ಇದೆ.

ಆಗರ ನೋಡಿದವರಿಗೆ ಗೊತ್ತು. ಚೌಕ ಚೌಕ ಪಾತಿ. ಮೊದಲ ಪಾತಿಗೆ ಭರತದ ನೀರು ಬಿಡೋದು, ಅಲ್ಲಿಂದ ಮುಂದಿನದಕ್ಕೆ, ಅಲ್ಲಿಂದ ಇನ್ನೊಂದಕ್ಕೆ. ಒಂದೊಂದು ಪಾತಿಯಲ್ಲಿ ನೀರು ಒಂದೊಂದು ಗೇಣು, ಒಂದೊಂದು ಬೆರಳು. ಉಪ್ಪಿನಂಶ ಒಂದರಿಂದ ಒಂದಕ್ಕೆ ಹೆಚ್ಚು. ಹಂಗಾಗಿ ಹುಳ, ಸಣ್ಣ ಜೀವಿಗಳೂ ಬೇರೆ ಬೇರೆ. ಕೆಂಪು ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ಸ್ವಲ್ಪ ಆಳದಲ್ಲಿ ನಿಲ್ತದೆ, ಗಿಡ್ಡ ಕಾಲಿನ ಗೊರವ ತೆಳು ನೀರಿನ ಅಂಚಲ್ಲಿ ಓಡ್ತದೆ. ಉಪ್ಪು ಮಾಡುವವರು ಹಕ್ಕಿಗಾಗಿ ಮಾಡಿದ್ದಲ್ಲ. ಆದರೆ ಹಕ್ಕಿಗೆ ಬೇಕಾದ ಅಳತೆ ಅಲ್ಲಿ ತಾನಾಗಿ ಬಂತು.

ನಮ್ಮ ಗಜನಿಯದ್ದೂ ಹಂಗೇ. ಹೊರಗಿನವರು ಓದ್ತಾ ಇದ್ರೆ ಗೊತ್ತಾಗಲಿ ಅಂತ ಸ್ವಲ್ಪ ವಿವರ ಬರೀತೇನೆ. ನಮ್ಮವರು ಬೇಕಾದ್ರೆ ಈ ಪ್ಯಾರಾ ದಾಟಿ.

ಹೊಳೆಯ ಉಪ್ಪು ನೀರು ಏರಿ ಇಳಿಯುವ ತಗ್ಗಿಗೆ ಸುತ್ತ ಒಡ್ಡು ಹಾಕಿ, ಹಲಗೆ ಬಾಗಿಲು ಇಟ್ಟ ಗದ್ದೆ ಅಂದ್ರೆ ಗಜನಿ. ಬೇಸಿಗೆ ಕೊನೆಗೆ ಒಡ್ಡಿಗೆ ಕೆಸರು ಮಣ್ಣು ಮೆತ್ತಿ ಬಾಗಿಲು ಭದ್ರ ಮಾಡ್ತೇವೆ. ಜೂನ್ ಮಳೆಗೆ ಮಣ್ಣಿನ ಉಪ್ಪು ತೊಳೆದು ಹೋಗ್ತದೆ. ಆಗ ಮೊಳಕೆ ಬರಿಸಿದ ಕಗ್ಗ ಬಿತ್ತೋದು. ಕಗ್ಗ ಉಪ್ಪು ತಡೀತದೆ, ನೆರೆ ಬಂದು ಕೆಲವು ದಿನ ಮುಳುಗಿದ್ರೂ ತಡೀತದೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಆಳೆತ್ತರ ಬೆಳೆದು, ಕಾಳು ಕಟ್ಟಿದ ಮೇಲೆ ನೀರಿನ ಮೇಲೆ ಬಾಗ್ತದೆ. ಮಳೆ ಹಿಂದೆ ಹೋದ ಮೇಲೆ ತೆನೆ ಮಾತ್ರ ಕೊಯ್ದು ತರ್ತೇವೆ, ಹುಲ್ಲು ಅಲ್ಲೇ. ಆಮೇಲೆ ಬಾಗಿಲು ತೆಗೆದು ಭರತದ ನೀರು ಒಳಗೆ ಬಿಡೋದು. ಆ ಹುಲ್ಲು ಕೊಳೆತು ಶೆಟ್ಲಿಗೆ, ಮೀನಿಗೆ, ಏಡಿಗೆ ಆಹಾರ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿ ಹಿಡೀತೇವೆ. ಮೀನಿನ ದುಡ್ಡಲ್ಲಿ ಮುಂದಿನ ವರ್ಷದ ಒಡ್ಡಿನ ಖರ್ಚು.

ಈಗ ಹಕ್ಕಿಯ ಲೆಕ್ಕ ನೋಡಿ. ಮಳೆಗಾಲದಲ್ಲಿ ಗದ್ದೆಯಲ್ಲಿ ಬೆಳ್ಳಕ್ಕಿ, ಬಕ. ಕಾಳು ಹಾಲು ಕಟ್ಟಿದಾಗ ಗೀಜಗ, ಮುನಿಯ, ಗಿಳಿ. ಇವುಗಳ ಉಪದ್ರ ನಮಗೆ ಗೊತ್ತೇ ಇದೆ, ಅದನ್ನು ಸುಳ್ಳು ಹೇಳೋದಿಲ್ಲ. ಕೊಯ್ಲು ಆಗಿ ಬಾಗಿಲು ತೆಗೆದ ಮೇಲೆ ಕಾಳಿಗೂ ಹಕ್ಕಿಗೂ ಸಂಬಂಧ ಇಲ್ಲ. ಆಗ ಬರೋದು ದೂರದವು. ಉಲ್ಲಂಕಿ, ಅಂದ್ರೆ ಸ್ಯಾಂಡ್‌ಪೈಪರ್ ಜಾತಿಯವು, ಸೈಬೀರಿಯಾ ಬದಿಯಿಂದ. ಸಣ್ಣ ಗೊರವ ಹಿಮಾಲಯ, ಟಿಬೆಟ್ ಬದಿಯಿಂದ. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ, ಕಡಲಕ್ಕಿ, ರೀವ. ಆಗಸ್ಟ್ ಕೊನೆಯಿಂದ ಬರಲಿಕ್ಕೆ ಶುರು, ಏಪ್ರಿಲ್ ಹೊತ್ತಿಗೆ ಬಹುತೇಕ ಖಾಲಿ. ನಮ್ಮ ಒಂದು ಹಿಡಿ ಕಾಳೂ ಅವು ತಿನ್ನೋದಿಲ್ಲ. ತಿನ್ನೋದು ಕೆಸರಿನ ಹುಳ, ಸಣ್ಣ ಸಿಪ್ಪಿ, ಪುಟ್ಟ ಏಡಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಇಳಿತದಲ್ಲಿ ಈ ಹಕ್ಕಿಗಳು ಹೊಳೆ ಬಾಯಿಯ ಕೆಸರು ದಂಡೆಯಲ್ಲಿ ಮೇಯ್ತಾವೆ. ಭರತ ಏರಿದಾಗ ದಂಡೆ ಮುಳುಗ್ತದೆ. ಆಗ ಎಲ್ಲಿಗೆ ಹೋಗಬೇಕು? ಬಾತುಕೋಳಿಯ ಹಂಗೆ ನೀರಲ್ಲಿ ತೇಲುವ ಜಾತಿ ಅಲ್ಲ. ಮುಂದಿನ ಇಳಿತದವರೆಗೆ ತೆಳು ನೀರು, ಬಯಲು, ನಾಲ್ಕೂ ಕಡೆ ಕಾಣುವ ಜಾಗ ಬೇಕು. ಅದು ಸಿಗೋದು ಆಗರದಲ್ಲಿ, ಕೊಯ್ಲಾದ ಗಜನಿಯಲ್ಲಿ, ಒಡ್ಡಿನ ಮೇಲೆ. ದಂಡೆ ಹೊಳೆಯದ್ದು, ನಿಲ್ಲುವ ಜಾಗ ನಮ್ಮದು. ಎರಡರಲ್ಲಿ ಒಂದು ಹೋದ್ರೂ ಹಕ್ಕಿ ನಿಲ್ಲೋದಿಲ್ಲ.

ಈ ವ್ಯವಸ್ಥೆ ಯಾವಾಗ ಅಲುಗಾಡಿತು? ಒಂದೇ ದಿನ ಆದದ್ದಲ್ಲ. ಮೊದಲು ಒಡ್ಡು ಮಣ್ಣಿನದ್ದು, ವರ್ಷ ವರ್ಷ ಊರವರೇ ಹಾಕ್ತಿದ್ದದ್ದು. ಒಡೆಯರು ಕೆಲವರು, ಗೇಣಿಯವರು ಬಹಳ. ಗೇಣಿಯವರು ಮಣ್ಣು ಹೊರಬೇಕು, ಒಡೆಯರು ಖರ್ಚು ಕೊಡಬೇಕು. ದಿನಕರ ದೇಸಾಯಿಯವರ ರೈತ ಹೋರಾಟ ನಮ್ಮ ಕರಾವಳಿಯಲ್ಲಿ ಗೇಣಿದಾರನಿಗೆ ಬಾಯಿ ಕೊಟ್ಟಿತು. 1948ರಲ್ಲಿ ಮುಂಬಯಿ ಸರಕಾರ ಖಾರ್‌ಲ್ಯಾಂಡ್ ಕಾಯ್ದೆ ತಂದು ಉಪ್ಪು ಭೂಮಿಯ ಒಡ್ಡಿನ ಕೆಲಸಕ್ಕೆ ಕೈ ಹಾಕಿತು, ಆಗ ನಾವು ಮುಂಬಯಿಯವರೇ. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಒಡೆಯನಾದ. ನನ್ನ ಅಪ್ಪನ ಹೆಸರಿಗೆ ಪಹಣಿ ಬಂದದ್ದೂ ಹಂಗೇ. ಅದೇ 1970ರ ದಶಕದಲ್ಲಿ ಅಘನಾಶಿನಿ ಬದಿಗೆ ಸರಕಾರ ಕಲ್ಲಿನ ಕಾಯಂ ಒಡ್ಡು ಕಟ್ಟಿಸಿತು.

ಭೂಮಿ ಸಿಕ್ಕಿದ್ದು ದೊಡ್ಡ ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಡ್ಡಿನ ಜವಾಬ್ದಾರಿ ಯಾರದ್ದು ಅನ್ನೋದು ಕಾಗದದಲ್ಲಿ ಬರಲಿಲ್ಲ. ಒಡೆಯರು ಕೈ ಬಿಟ್ಟರು, ಸರಕಾರದ ಒಡ್ಡು ಸರಕಾರ ನೋಡ್ತದೆ ಅಂತ ನಾವು ಕೂತೆವು. ಅಣ್ಣ ತಮ್ಮ ಪಾಲಾಗಿ ಎಕರೆ ಇದ್ದದ್ದು ಗುಂಟೆ ಆಯ್ತು. ಕೂಲಿ ಏರಿತು, ಕಗ್ಗಕ್ಕೆ ಬೆಲೆ ಏರಲಿಲ್ಲ.

ಆ ಸಂದಿಯಲ್ಲಿ ಬಂದದ್ದು ಸಿಗಡಿ. ಗಟ್ಟಿ ಒಡ್ಡು ಇದೆ, ಉಪ್ಪು ನೀರು ಇದೆ, ಕೈಯಲ್ಲಿ ದುಡ್ಡಿಲ್ಲದ ರೈತ ಇದ್ದಾನೆ. 1980ರ ದಶಕದಿಂದ ಗಜನಿಯನ್ನು ಗುತ್ತಿಗೆಗೆ ಕೊಡೋದು ಶುರು. ಟೈಗರ್ ಸಿಗಡಿಯ ದುಡ್ಡು ಕಂಡವರಿಗೆ ಭತ್ತ ಸಪ್ಪೆ ಅನ್ನಿಸ್ತು. 1990ರ ದಶಕದ ನಡುವೆ ಬಿಳಿ ಚುಕ್ಕೆ ರೋಗ ಬಂತು, ದೇಶದ ಕರಾವಳಿ ಇಡೀ ಕೊಳ ಕೊಳವೇ ಸತ್ತು ತೇಲಿದವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ದೊಡ್ಡ ಸಿಗಡಿ ಕೊಳಗಳಿಗೆ ತಡೆ ಹಾಕಿತು, ಸಾಂಪ್ರದಾಯಿಕ ಪದ್ಧತಿಗೆ ವಿನಾಯ್ತಿ ಕೊಟ್ಟಿತು. 2009ರಲ್ಲಿ ವನಾಮಿ ಜಾತಿಗೆ ಅನುಮತಿ ಸಿಕ್ಕಿ ಮತ್ತೊಂದು ಸುತ್ತು ಶುರುವಾಯ್ತು.

ಸಿಗಡಿ ಕೊಳದಲ್ಲಿ ಹಕ್ಕಿಗೆ ಜಾಗ ಯಾಕಿಲ್ಲ ಅಂದ್ರೆ ಲೆಕ್ಕ ಸರಳ. ಕೊಳದಲ್ಲಿ ನೀರು ಸೊಂಟದ ಹತ್ತಿರ, ಉಲ್ಲಂಕಿಯ ಕಾಲು ಎರಡು ಮೂರು ಇಂಚು. ದಡ ಕಡಿದು, ಇಳಿಯಲಿಕ್ಕೆ ಅಂಚೇ ಇಲ್ಲ. ಮೇಲೆ ದಾರ, ಬಲೆ, ಪಟಾಕಿ. ಭತ್ತಕ್ಕೆ ಯಾಕಿಲ್ಲ ಅನ್ನೋದು ಇನ್ನೂ ಮುಖ್ಯ. ಒಂದು ಗಜನಿಗೆ ಒಂದೇ ಒಡ್ಡು, ಒಂದೇ ಬಾಗಿಲು. ಹತ್ತು ಜನರಲ್ಲಿ ಎಂಟು ಜನ ಮಳೆಗಾಲದಲ್ಲೂ ಉಪ್ಪು ನೀರು ನಿಲ್ಲಿಸಿದ್ರೆ ಉಳಿದ ಇಬ್ಬರು ಕಗ್ಗ ಬಿತ್ತೋದು ಹೇಗೆ? ಅವರ ಮಣ್ಣಿನ ಉಪ್ಪು ತೊಳೆಯೋದೇ ಇಲ್ಲ. ಎರಡು ವರ್ಷ ಬಿತ್ತದೆ ಇದ್ರೆ ಬೀಜವೂ ಹೋಯ್ತು. ಕಗ್ಗದ ಬೀಜ ಅಂಗಡಿಯಲ್ಲಿ ಸಿಗೋದಿಲ್ಲ.

ತದಡಿ ಬದಿಯ ಕತೆ ಬೇರೆ. ಅಲ್ಲಿ ಗಜನಿ ಭೂಮಿಯನ್ನು ಕೈಗಾರಿಕೆಗೆ ಅಂತ ಸ್ವಾಧೀನ ಮಾಡಿದರು. ಉಷ್ಣ ವಿದ್ಯುತ್ ಸ್ಥಾವರ ಅಂದರು, ಬಂದರು ಅಂದರು, ಜನ ಎದ್ದು ನಿಂತು ವಿರೋಧಿಸಿದರು. ಒಡ್ಡು ನೋಡುವವರಿಲ್ಲದೆ ನೀರು ಒಳಗೆ ಬಂದು ಕಾಂಡ್ಲ ತಾನಾಗಿ ಬೆಳೀತು. ಕಾಂಡ್ಲ ಒಳ್ಳೇದೇ. ಮೀನಿಗೆ ಮರಿ ಮನೆ, ಒಡ್ಡಿಗೆ ರಕ್ಷಣೆ, ಬೆಳ್ಳಕ್ಕಿ ಮತ್ತು ರಾತ್ರಿ ಬಕಕ್ಕೆ ಕೂರುವ ಮರ. ಆದರೆ ಬಯಲು ಬೇಡುವ ಗೊರವ, ಉಲ್ಲಂಕಿ ಕಾಂಡ್ಲದೊಳಗೆ ಇಳಿಯೋದಿಲ್ಲ. ಎಲ್ಲ ಕಡೆ ಗಿಡ ನೆಟ್ರೆ ಎಲ್ಲ ಹಕ್ಕಿಗೂ ಒಳ್ಳೇದು ಅಂತ ತಿಳಿಯೋದು ಸರಿಯಲ್ಲ. ಒಡ್ಡಿನ ಹೊರಗೆ ಕಾಂಡ್ಲ, ಒಳಗೆ ಗದ್ದೆ. ಅದೇ ಹಳೇ ಲೆಕ್ಕ.

ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರಗಾ, ಚೆಂಡಿಯಾ, ತೋಡೂರು ಬದಿಯ ಚರಿತ್ರೆ ಎಲ್ಲರಿಗೂ ಗೊತ್ತು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ನೌಕಾನೆಲೆಗೆ ಅಡಿಗಲ್ಲು ಇಟ್ಟರು, 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಶುರುವಾಯ್ತು. ಯೋಜನೆಯ ಹೆಸರು 'ಸೀ ಬರ್ಡ್'. ಕಡಲ ಹಕ್ಕಿ! ಹಕ್ಕಿಯ ಹೆಸರಲ್ಲಿ ಭೂಮಿ ಹೋದದ್ದು ನಮ್ಮ ಜಿಲ್ಲೆಯಲ್ಲಿ ಅಲ್ಲಿ ಮಾತ್ರ, ಅದೂ ಹಕ್ಕಿಗಾಗಿ ಅಲ್ಲ. ಇವತ್ತಿಗೂ 'ಸೀಬರ್ಡ್ ನಿರಾಶ್ರಿತರು' ಅನ್ನೋ ಮಾತು ಪೇಪರಲ್ಲಿ ಬರ್ತದೆ. ನಮ್ಮವರಿಗೆ ಹಕ್ಕಿ, ಸರ್ವೆ, ನೋಟೀಸು ಅಂದ್ರೆ ಯಾಕೆ ಹೆದರಿಕೆ ಅನ್ನೋದು ಹೊರಗಿಂದ ಬಂದವರು ಇದನ್ನು ತಿಳಿದು ಮಾತಾಡಬೇಕು.

ಈಗ ಜಾಗಗಳ ಪಟ್ಟಿ ಸಣ್ಣದಾಗಿ ಕೊಡ್ತೇನೆ. ಮಕ್ಕಳಿಗೆ ತೋರಿಸುವವರಿಗೆ ಬೇಕಾಗ್ತದೆ.

ಕಾಳಿ ಅಳಿವೆ: ಕೋಡಿಬಾಗ, ಸದಾಶಿವಗಡದ ನಡುವೆ. ಇಳಿತದ ಹೊತ್ತಿಗೆ ಮರಳು ದಿಬ್ಬದ ಮೇಲೆ ಕಡಲಕ್ಕಿ, ರೀವ. ಹತ್ತಿರವೇ ಕಾಂಡ್ಲವನದೊಳಗೆ ಹಲಗೆ ದಾರಿ ಮಾಡಿದ್ದಾರೆ, ಅಲ್ಲಿ ಮಿಂಚುಳ್ಳಿ ಕಾಣ್ತದೆ. ಕಾಳಿಗೆ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ನಮ್ಮ ಹೊಳೆಯ ಮಳೆಗಾಲದ ಸಿಹಿನೀರಿನ ರಭಸ, ಬೇಸಿಗೆಯ ಉಪ್ಪು ಹಳೇ ತಾಳದಲ್ಲೇ ಇದೆ. ಕಗ್ಗ ಉಳಿದದ್ದಕ್ಕೆ ಅದೂ ಒಂದು ಕಾರಣ.

ಸುಂಕೇರಿ, ಕಡವಾಡ: ಕಾಳಿ ಹಿನ್ನೀರಿನ ಕಾಂಡ್ಲ ಮತ್ತು ಗದ್ದೆ. ಬೆಳಿಗ್ಗೆ ಹೋಗಬೇಕು.

ಸಾಣಿಕಟ್ಟಾ ಆಗರ: ನವೆಂಬರ್‌ನಿಂದ ಮಾರ್ಚ್, ಭರತ ತುಂಬಿದ ಹೊತ್ತಿಗೆ. ಇಳಿತದಲ್ಲಿ ಹೋದ್ರೆ ಆಗರ ಖಾಲಿ ಕಾಣ್ತದೆ.

ಅಘನಾಶಿನಿ ಬಾಯಿ, ತದಡಿ, ಐಗಳಕುರ್ವೆ, ಮಾಣಿಕಟ್ಟಾ, ಮಿರ್ಜಾನ್ ಬದಿಯ ಗಜನಿ: ಇಳಿತದಲ್ಲಿ ದಂಡೆ, ಭರತದಲ್ಲಿ ಗಜನಿ. ಗರುಡ ಯಾವಾಗಲೂ ಇರ್ತದೆ. ಬಿಳಿ ಹೊಟ್ಟೆಯ ದೊಡ್ಡ ಕಡಲ ಹದ್ದು ಅದೃಷ್ಟ ಇದ್ರೆ.

ನೇತ್ರಾಣಿ: ಮುರ್ಡೇಶ್ವರದ ಎದುರು ಕಡಲಲ್ಲಿ. ಇಂಗ್ಲಿಷರು ಇದಕ್ಕೆ ಪಾರಿವಾಳದ ದ್ವೀಪ ಅಂತಿದ್ದರು. ಕಡಲ ಹದ್ದುಗಳು ಗೂಡು ಕಟ್ಟುವ ಜಾಗ, ನೌಕಾಪಡೆ ಗುಂಡು ಗುರಿಗೆ ಬಳಸಿದ ಜಾಗವೂ ಅದೇ.

ಕೊನೆಗೆ ಮೊದಲಿನ ಪ್ರಶ್ನೆಗೆ ಬರ್ತೇನೆ, ಗಜನಿ ಹೋಗ್ತದಾ? ರಾಮ್ಸಾರ್ ಅನ್ನೋದು ಇರಾನಿನ ಒಂದು ಊರು. 1971ರಲ್ಲಿ ಅಲ್ಲಿ ಒಪ್ಪಂದ ಆಯ್ತು, ಭಾರತ ಸೇರಿದ್ದು 1982ರಲ್ಲಿ. ಆ ಒಪ್ಪಂದದ ಮುಖ್ಯ ಮಾತು ವಿವೇಕದ ಬಳಕೆ, ಬಳಕೆ ನಿಲ್ಲಿಸೋದು ಅಲ್ಲ. ನಮ್ಮ ದೇಶದ 2017ರ ಜೌಗು ಭೂಮಿ ನಿಯಮದ ವ್ಯಾಖ್ಯೆಯಲ್ಲಿ ಭತ್ತದ ಗದ್ದೆ, ಉಪ್ಪು ತಯಾರಿಗೆ ಮಾಡಿದ ಪಾತಿ ಇವನ್ನು ಹೊರಗಿಟ್ಟಿದ್ದಾರೆ. ಅಂದ್ರೆ ಕಗ್ಗ ಬೆಳೆಯುವವನ ಮೇಲೆ ಕಣ್ಣು ಹಾಕಿದ ಕಾನೂನು ಅಲ್ಲ ಅದು. ಇದರಲ್ಲಿ ಇನ್ನೊಂದು ಮುಖವೂ ಇದೆ, ಗಮನಿಸಿ. ಕಾನೂನಿನ ಕಣ್ಣಿಗೆ ಗದ್ದೆ ಜೌಗು ಅಲ್ಲವಾದ್ರೆ, ಗದ್ದೆಯನ್ನು ಗದ್ದೆಯಾಗಿ ಉಳಿಸುವ ಹೊಣೆಯನ್ನೂ ಆ ಕಾನೂನು ತಗೊಳ್ಳೋದಿಲ್ಲ. ನೂರಾರು ವರ್ಷದಲ್ಲಿ ಗಜನಿ ಹೋದದ್ದು ಯಾವಾಗೆಲ್ಲ ಅಂತ ಮೇಲೆ ನೋಡಿದಿರಿ. ಕೈಗಾರಿಕೆಗೆ ಸ್ವಾಧೀನ ಆದಾಗ, ನಾವೇ ಗುತ್ತಿಗೆಗೆ ಬಿಟ್ಟಾಗ, ಒಡ್ಡು ಒಡೆದು ಕಟ್ಟದೆ ಕೂತಾಗ. ಹಕ್ಕಿಯಿಂದ ಹೋದ ಒಂದು ಗುಂಟೆ ನನಗೆ ಕಾಣಲಿಲ್ಲ.

ನಮ್ಮ ಗಜನಿಗೆ ಈ ವರ್ಷವೂ ಗುತ್ತಿಗೆ ಕೇಳಿಕೊಂಡು ಬಂದಿದ್ದಾರೆ. ಮುಂಗಡ ದುಡ್ಡು ಚೆನ್ನಾಗೇ ಇದೆ. ಮಗಳ ಫೀಸು, ಆಸ್ಪತ್ರೆ ಬಿಲ್ಲು ಇದ್ದವರಿಗೆ ಬೇಡ ಅನ್ನಲಿಕ್ಕೆ ನನಗೆ ಬಾಯಿಲ್ಲ. ಆದರೆ ಬೇಸಿಗೆಯ ಮೀಟಿಂಗಿನಲ್ಲಿ ನಾನು ಇಷ್ಟು ಹೇಳುವವನಿದ್ದೇನೆ, ಇಲ್ಲೇ ಮೊದಲು ಬರೆದಿಡ್ತೇನೆ.

ಒಂದು, ಗುತ್ತಿಗೆ ಕೊಡೋದಾದ್ರೆ ಕೊಯ್ಲಿನ ನಂತರದಿಂದ ಮೇವರೆಗೆ ಮಾತ್ರ, ಭರತದ ನೀರಿನ ಹಳೇ ಪದ್ಧತಿಯ ಮೀನು, ಶೆಟ್ಲಿಗೆ. ಜೂನ್‌ನಲ್ಲಿ ಬಾಗಿಲು ನಮ್ಮ ಕೈಯಲ್ಲಿ ಇರಬೇಕು. ಎರಡು, ಗುತ್ತಿಗೆಯ ಹಣದಲ್ಲಿ ಒಡ್ಡಿನ ಪಾಲು ಮೊದಲೇ ತೆಗೆದು ಬೇರೆ ಖಾತೆಗೆ ಹಾಕಬೇಕು. ಮೂರು, ಯಾರೂ ಬಿತ್ತದಿದ್ರೂ ಬೀಜಕ್ಕೆ ಅಂತ ಒಂದು ತುಂಡು ಗದ್ದೆಯಲ್ಲಿ ಕಗ್ಗ ಬಿತ್ತಲೇಬೇಕು, ಬೀಜ ನಾನು ಕೊಡ್ತೇನೆ. ನಾಲ್ಕು, ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಅಂತ ಆಗ್ತದೆ, 1987ರಿಂದ ನಡೆದು ಬಂದದ್ದು. ನಮ್ಮ ಗಜನಿಯ ಲೆಕ್ಕ ಹೊರಗಿನವರು ಯಾಕೆ ಹಾಕಬೇಕು? ಹೈಸ್ಕೂಲು ಮಕ್ಕಳನ್ನು ಕಟ್ಟಿಕೊಂಡು ನಾವೇ ಹಾಕೋಣ, ವಹಿಯಲ್ಲಿ ಬರೆದಿಡೋಣ. ನಾಳೆ ಯಾವ ಆಫೀಸಿಂದ ಯಾರು ಬಂದ್ರೂ ಈ ಹಕ್ಕಿ ಕಗ್ಗದ ಗದ್ದೆಯಲ್ಲಿ ಇತ್ತು, ಗದ್ದೆ ಇಂಥವರು ಮಾಡ್ತಿದ್ರು ಅಂತ ತೋರಿಸಲಿಕ್ಕೆ ನಮ್ಮ ಹತ್ತಿರ ಕಾಗದ ಇರ್ತದೆ.

ಕ್ಯಾಮರಾದವರಿಗೂ ಒಂದು ಮಾತು. ಬನ್ನಿ, ನೋಡಿ. ಮಳೆಗಾಲದಲ್ಲಿ ಹಸಿ ಒಡ್ಡಿನ ಮೇಲೆ ನಡೀಬೇಡಿ, ಕುಸೀತದೆ. ಹಲಗೆ ಬಾಗಿಲು ಮುಟ್ಟಬೇಡಿ. ಕಟ್ಟೆಯ ಮೇಲೆ ಯಾರಾದ್ರೂ ಕಂಡ್ರೆ ಯಾರ ಗದ್ದೆ ಅಂತ ಕೇಳಿ ಇಳೀರಿ.

ನಿಮ್ಮ ಗಜನಿಯಲ್ಲಿ ಕಗ್ಗದ ಬೀಜ ಇನ್ನೂ ಯಾರ ಮನೆಯಲ್ಲಿ ಇದೆ, ಒಡ್ಡಿನ ಖರ್ಚು ಹೇಗೆ ಹಂಚಿಕೊಳ್ತೀರಿ ಅಂತ ಕೆಳಗೆ ಬರೀರಿ. ಮೀಟಿಂಗಿಗೆ ಮೊದಲು ಎಲ್ಲ ಕೂಡಿಸಿ ಒಂದು ಹಾಳೆಯಲ್ಲಿ ಮಾಡಿ ತರ್ತೇನೆ.